ನಾಡಿ ನಿಧಾನವಾದಾಗ ನೀವು ಯಾವ ದೇಶದಲ್ಲಿದ್ದೀರಿ?

ಎರಡು ವರ್ಷದ ಹಿಂದೆ ಕೊಪ್ಪಳದ ಕಡೆಯಿಂದ ಒಬ್ಬ ಅಜ್ಜಿ ನನ್ನ ಓಪಿಡಿಗೆ ಬಂದಿದ್ದರು. ಎಪ್ಪತ್ತರ ಆಸುಪಾಸು. ಆಗಾಗ ಕಣ್ಣು ಕತ್ತಲೆ ಬಂದು ಬೀಳುತ್ತಿದ್ದರು. ಒಮ್ಮೆ ಬಿದ್ದಾಗ ಕೈಕಾಲು ಅದುರಿದ್ದನ್ನು ಕೇಳಿ ಯಾರೋ ಡಾಕ್ಟರು ಫಿಟ್ಸ್ ಎಂದಿದ್ದರು. ಎಂಟು ತಿಂಗಳು ಫಿಟ್ಸ್ ಮಾತ್ರೆ ನುಂಗಿದರೂ ಬೀಳುವುದು ನಿಂತಿರಲಿಲ್ಲ. ನಾನು ಕೈ ಹಿಡಿದು ನಾಡಿ ಎಣಿಸಿದೆ. ನಿಮಿಷಕ್ಕೆ 34. ಇಸಿಜಿ ತೆಗೆಸಿದರೆ ಪೂರ್ತಿ ಹಾರ್ಟ್ ಬ್ಲಾಕ್.

"ಸ್ಟೆಂಟ್ ಹಾಕಬೇಕೇನ್ರಿ ಸರ್?" ಎಂದು ಮಗ ಗಾಬರಿಯಿಂದ ಕೇಳಿದರು. ಈ ಪ್ರಶ್ನೆ ನನಗೆ ಹೊಸದಲ್ಲ. ಬ್ಲಾಕ್ ಎಂದರೆ ರಕ್ತನಾಳ ಕಟ್ಟಿಕೊಂಡಿದೆ ಎಂದೇ ಎಲ್ಲರೂ ತಿಳಿಯುತ್ತಾರೆ. ಅದು ನೀರಿನ ಪೈಪಿನ ತೊಂದರೆ, ಇದು ಕರೆಂಟಿನ ತೊಂದರೆ. ಹೃದಯದ ಮೇಲಿನ ಕೋಣೆಯಲ್ಲಿ ಹುಟ್ಟುವ ಸಣ್ಣ ವಿದ್ಯುತ್ತು ಕೆಳಗಿನ ಕೋಣೆಗೆ ತಲುಪುವುದಿಲ್ಲ. ಕೆಳಗಿನ ಕೋಣೆ ತನ್ನ ಪಾಡಿಗೆ ನಿಧಾನವಾಗಿ ಬಡಿದುಕೊಳ್ಳುತ್ತದೆ. ನಡುವೆ ಕೆಲವು ಸೆಕೆಂಡು ಬಡಿತ ತಪ್ಪಿದರೆ ಮಿದುಳಿಗೆ ರಕ್ತ ಹೋಗದೆ ಮನುಷ್ಯ ಬೀಳುತ್ತಾನೆ. ಜಾಸ್ತಿ ಹೊತ್ತು ತಪ್ಪಿದರೆ ಮತ್ತೆ ಏಳುವುದಿಲ್ಲ. ಇದನ್ನು ವಾಸಿಮಾಡುವ ಮಾತ್ರೆ ಇಲ್ಲ. ಪೇಸ್‌ಮೇಕರ್ ಹಾಕಬೇಕು, ಅಂದರೆ ಸಣ್ಣ ವಿದ್ಯುತ್ತು ಕೊಟ್ಟು ಹೃದಯವನ್ನು ಬಡಿಸುವ ಬ್ಯಾಟರಿ ಯಂತ್ರ.

ಪೇಸ್‌ಮೇಕರ್ ಹೊಸ ವಸ್ತುವೇನಲ್ಲ. ದೇಹದೊಳಗೆ ಮೊದಲ ಬಾರಿ ಅದನ್ನು ಇಟ್ಟದ್ದು 1958ರಲ್ಲಿ, ಸ್ವೀಡನ್ನಿನ ಕರೋಲಿನ್ಸ್ಕಾ ಆಸ್ಪತ್ರೆಯಲ್ಲಿ. ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ತಯಾರಿಸಿದರು, ಸರ್ಜನ್ ಓಕೆ ಸೆನ್ನಿಂಗ್ ಅಳವಡಿಸಿದರು. ರೋಗಿ ಆರ್ನೆ ಲಾರ್ಸನ್. ಆ ಮೊದಲ ಯಂತ್ರ ಕೆಲವೇ ಗಂಟೆ ಕೆಲಸ ಮಾಡಿತು. ಆದರೆ ಒಂದಾದ ಮೇಲೊಂದು ಇಪ್ಪತ್ತಕ್ಕೂ ಹೆಚ್ಚು ಯಂತ್ರ ಬದಲಿಸಿಕೊಂಡು ಲಾರ್ಸನ್ 86 ವರ್ಷ ಬದುಕಿದರು.

ಇಷ್ಟು ಹಳೆಯ ಚಿಕಿತ್ಸೆ ಈಗ ಯಾರಿಗೆ ಸಿಗುತ್ತಿದೆ? 2009ರ ಜಾಗತಿಕ ಸಮೀಕ್ಷೆಯಲ್ಲಿ ಜರ್ಮನಿ ಎಲ್ಲರಿಗಿಂತ ಮುಂದಿತ್ತು. ಅಲ್ಲಿ ಹತ್ತು ಲಕ್ಷ ಜನರಿಗೆ 927 ಹೊಸ ಪೇಸ್‌ಮೇಕರ್. 2011ರಿಂದ 2016ರವರೆಗಿನ ಆಫ್ರಿಕಾದ ಲೆಕ್ಕ ನೋಡಿದರೆ, ದೇಶಗಳನ್ನು ಸಾಲಾಗಿ ನಿಲ್ಲಿಸಿದಾಗ ನಟ್ಟನಡುವೆ ಬರುವ ದೇಶದಲ್ಲಿ ಹತ್ತು ಲಕ್ಷಕ್ಕೆ ಮೂರೂ ಇಲ್ಲ. ಜರ್ಮನಿಯಲ್ಲಿ ಮುದುಕರು ಜಾಸ್ತಿ, ಆಫ್ರಿಕಾದಲ್ಲಿ ಎಳೆಯರು ಜಾಸ್ತಿ, ಹಾರ್ಟ್ ಬ್ಲಾಕ್ ಹೆಚ್ಚಾಗಿ ವಯಸ್ಸಿನ ಕಾಯಿಲೆ. ಅದೆಲ್ಲ ನಿಜ. ಆದರೆ ಮುನ್ನೂರು ಪಟ್ಟು ವ್ಯತ್ಯಾಸವನ್ನು ವಯಸ್ಸೊಂದೇ ವಿವರಿಸಲಾರದು, ಅಲ್ವಾ? ಯಂತ್ರ ಸಿಗದೆ ಉಳಿದವರು ಮನೆಯಲ್ಲೇ ಸಾಯುತ್ತಿದ್ದಾರೆ. ಅವರ ಸಾವಿಗೆ ಹೆಸರೂ ಸಿಗುವುದಿಲ್ಲ. ಭಾರತ ಇವೆರಡರ ನಡುವೆ ಇದೆ, ಆದರೆ ಜರ್ಮನಿಗಿಂತ ಆಫ್ರಿಕಾಕ್ಕೇ ಹತ್ತಿರ.

ಕಾರಣ ಕೇಳಿದರೆ ಎಲ್ಲರೂ ಮೊದಲು ಹೇಳುವುದು ಯಂತ್ರದ ಬೆಲೆ. ಅದು ಸಣ್ಣ ಕಾರಣವಲ್ಲ. ಅದಕ್ಕೇ ಕೆಲವು ದೇಶಗಳಲ್ಲಿ ತೀರಿಕೊಂಡವರ ದೇಹದಿಂದ ತೆಗೆದ ಪೇಸ್‌ಮೇಕರನ್ನು ಶುದ್ಧಮಾಡಿ ಮತ್ತೆ ಬಳಸುತ್ತಾರೆ. (ಶವ ಸುಡುವ ಮುಂಚೆ ಇದನ್ನು ತೆಗೆಸಲೇಬೇಕು. ಬ್ಯಾಟರಿ ಬೆಂಕಿಯಲ್ಲಿ ಸಿಡಿಯುತ್ತದೆ. ನಮ್ಮ ಮನೆಗಳಲ್ಲೂ ಇದು ಗೊತ್ತಿರಬೇಕು.) ಹೀಗೆ ಶುದ್ಧಮಾಡಿದ ಯಂತ್ರಗಳನ್ನು (ಹೆಚ್ಚಿನವು ಪೇಸ್‌ಮೇಕರ್) ಕೆನಡಾದಿಂದ ಮೆಕ್ಸಿಕೊ, ಗ್ವಾಟೆಮಾಲಾ, ಹೊಂಡುರಾಸ್, ಡೊಮಿನಿಕನ್ ರಿಪಬ್ಲಿಕ್‌ಗೆ ಕಳಿಸಿ 1,051 ರೋಗಿಗಳಿಗೆ ಹಾಕಿದ್ದರು. 2020ರಲ್ಲಿ ಅದರ ಫಲಿತಾಂಶ ಬಂತು. ಇವರಲ್ಲಿ ನೂರಕ್ಕೆ ಇಬ್ಬರಿಗೆ ಸೋಂಕಾಗಿತ್ತು. ಹೊಸ ಯಂತ್ರ ಹಾಕಿಸಿಕೊಂಡ ಕೆನಡಾದವರಲ್ಲಿ ಅದು ಶೇ. 1.2. ಈ ಅಂತರವನ್ನು ಸಂಖ್ಯಾಶಾಸ್ತ್ರದ ಪ್ರಕಾರ ಖಚಿತ ಎನ್ನಲಾಗದು. ಮುಂಬೈನ ವೈದ್ಯರೂ ಅಮೆರಿಕದಿಂದ ಬಂದ ಬಳಸಿದ ಯಂತ್ರಗಳನ್ನು ಹಾಕಿ 2012ರಲ್ಲಿ ವರದಿ ಕೊಟ್ಟಿದ್ದರು. ಬಡ ರೋಗಿಗೆ ಹಳೆಯ ಯಂತ್ರ, ಶ್ರೀಮಂತನಿಗೆ ಹೊಸದು ಎಂಬುದು ನನಗೆ ಸಂಕಟ ತರುತ್ತದೆ. ಆದರೂ ಬೇರೆ ದಾರಿ ಇಲ್ಲದವರಿಗೆ ಅದು ಸಿಗಲಿ ಎಂದೇ ನಾನು ಹೇಳುತ್ತೇನೆ.

ಆದರೆ ಕೊಪ್ಪಳದ ಅಜ್ಜಿಯ ಎಂಟು ತಿಂಗಳು ಹೋದದ್ದು ಯಂತ್ರದ ಬೆಲೆಯಿಂದ ಅಲ್ಲ. ಅವರ ಹತ್ತಿರ ಬಿಪಿಎಲ್ ಕಾರ್ಡ್ ಇತ್ತು. ಆಯುಷ್ಮಾನ್ ಯೋಜನೆಯಲ್ಲಿ ಪೇಸ್‌ಮೇಕರ್ ಸೇರಿದೆ. ಅವರಿಗೆ ಸಿಗದೇ ಹೋದದ್ದು ಒಂದು ಇಸಿಜಿ, ಅದಕ್ಕೂ ಮೊದಲು ಒಂದು ನಿಮಿಷ ನಾಡಿ ಎಣಿಸುವ ಕೈ.

ತಾಳ ತಪ್ಪಿ ಬಡಿಯುವ ಇನ್ನೊಂದು ಕಾಯಿಲೆಯಲ್ಲೂ ಇದೇ ಕಥೆ. ಅದರ ಹೆಸರು ಏಟ್ರಿಯಲ್ ಫಿಬ್ರಿಲೇಶನ್. ಮೇಲಿನ ಕೋಣೆ ಸುಮ್ನೆ ನಡುಗುತ್ತದೆ, ಅಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ. 2014ರಲ್ಲಿ ಬಂದ 46 ದೇಶಗಳ ಅಧ್ಯಯನದ ಪ್ರಕಾರ ಇಂಥ ರೋಗಿಗಳಲ್ಲಿ ರುಮ್ಯಾಟಿಕ್ ಹೃದಯರೋಗ ಇದ್ದವರು ಉತ್ತರ ಅಮೆರಿಕದಲ್ಲಿ ಶೇ. 2.2, ಭಾರತದಲ್ಲಿ ಶೇ. 31.5. ಎಳವೆಯಲ್ಲಿ ಗಂಟಲು ನೋವಿಗೆ ಸರಿಯಾದ ಔಷಧಿ ಸಿಗದೆ ಕವಾಟ ಕೆಟ್ಟವರು ಇವರು. ಹೊಸ ರಕ್ತ ತೆಳುಮಾಡುವ ಮಾತ್ರೆಗಳು ಕವಾಟ ಕಿರಿದಾದ ಇಂಥವರಿಗೆ ಒಗ್ಗುವುದಿಲ್ಲ, ಹಳೆಯ ವಾರ್ಫರಿನ್ನೇ ಬೇಕು. ವಾರ್ಫರಿನ್ ಬೇಕೆಂದರೆ ರಕ್ತ ಎಷ್ಟು ತೆಳುವಾಗಿದೆ ಎಂದು ನೋಡುವ ಐಎನ್‌ಆರ್ ಪರೀಕ್ಷೆ ಆಗಾಗ ಬೇಕು. ಅದೇ ಅಧ್ಯಯನದಲ್ಲಿ, ಈ ಮಾತ್ರೆ ನುಂಗುವವರ ರಕ್ತ ಬೇಕಾದಷ್ಟೇ ತೆಳುವಾಗಿದ್ದ ಸಮಯ ಪಶ್ಚಿಮ ಯುರೋಪಿನಲ್ಲಿ ಶೇ. 62. ಭಾರತ, ಚೀನಾ, ಆಫ್ರಿಕಾಗಳಲ್ಲಿ ಶೇ. 32ರಿಂದ 40. ಮಾತ್ರೆ ಅಗ್ಗವಾಗಿ ಸಿಗುತ್ತದೆ, ಪರೀಕ್ಷೆ ಮಾಡುವ ಲ್ಯಾಬ್ ಅರವತ್ತು ಕಿಲೋಮೀಟರ್ ದೂರ ಇರುತ್ತದೆ.

ಅಜ್ಜಿಗೆ ಪೇಸ್‌ಮೇಕರ್ ಹಾಕಿದೆವು. ಅದಾದ ಮೇಲೆ ಒಮ್ಮೆಯೂ ಬಿದ್ದಿಲ್ಲ. ಶ್ರೀಮಂತ ದೇಶದಲ್ಲಾಗಿದ್ದರೆ ಅವರ ಮಂಚದ ಪಕ್ಕ ಒಂದು ಸಣ್ಣ ಪೆಟ್ಟಿಗೆ ಇರುತ್ತಿತ್ತು, ಯಂತ್ರದ ಸಮಾಚಾರ ರಾತ್ರಿಯೇ ಆಸ್ಪತ್ರೆಗೆ ತಲುಪುತ್ತಿತ್ತು. ಇವರು ರಾತ್ರಿ ಬಸ್ಸು ಹತ್ತಿ ಬರುತ್ತಾರೆ. ಎರಡು ದಿನದ ಕೂಲಿ ಬಿಟ್ಟು ಮಗನೂ ಜೊತೆಗೆ ಬರುತ್ತಾರೆ. ಹತ್ತು ನಿಮಿಷದ ಚೆಕಪ್ಪಿಗೆ ಇಷ್ಟು ಓಡಾಟ. ಇದನ್ನು ಜಿಲ್ಲಾಸ್ಪತ್ರೆಯಲ್ಲೇ ಮಾಡಬಹುದು. ಬೇಕಿರುವುದು ಪೇಸ್‌ಮೇಕರನ್ನು ಹೊರಗಿನಿಂದಲೇ ಪರೀಕ್ಷಿಸುವ ಒಂದು ಪ್ರೋಗ್ರಾಮರ್ ಯಂತ್ರ, ಅದನ್ನು ನಡೆಸಲು ಕಲಿತ ಒಬ್ಬರು. ಕಳೆದ ಸಲ ಬಂದಾಗ ಇನ್ನೂ ಎಂಟು ವರ್ಷದ ಬ್ಯಾಟರಿ ಇದೆ ಎಂದು ತೋರಿಸಿತು. ಪೇಸ್‌ಮೇಕರ್ ಕಾರ್ಡನ್ನು ರೇಷನ್ ಕಾರ್ಡಿನ ಜೊತೆಗೇ ಇಡಿ ಎಂದು ಮಗನಿಗೆ ಹೇಳಿದೆ. ಅವರು ಅಲ್ಲೇ ಕೂತು ಅಮ್ಮನ ನಾಡಿ ಎಣಿಸುವುದನ್ನೂ ಕಲಿತರು.