ದಂಶಕ: ಹಲ್ಲು ನೋಡಿ ಹೇಳಬೇಕಾದ ಪದ

ಇಲಿ, ಅಳಿಲುಗಳೇ ನಾಯಕರಾಗಿರುವ ಕಾಮಿಕ್ಸ್‌ಗಳ ಪಟ್ಟಿ ಎಲ್ಲಿ ಕಂಡರೂ ಆಸೆಯಿಂದ ತೆರೆದು ನೋಡುತ್ತೇನೆ. ಮೊನ್ನೆಯೂ ಒಂದು ಸಿಕ್ಕಿತು. ‘ದಂಶಕ ನಾಯಕರು’ ಎಂಬ ಶೀರ್ಷಿಕೆಯ ಕೆಳಗೆ ಮೊದಲ ಹೆಸರೇ ಉಸಾಗಿ, 1984ರಿಂದ ಕತ್ತಿ ಹಿಡಿದು ಓಡಾಡುತ್ತಿರುವ ಸಮುರಾಯ್ ಮೊಲ. ಎರಡನೆಯದು ಸೋನಿಕ್, ವಿಡಿಯೋ ಗೇಮ್‌ನಿಂದ ಕಾಮಿಕ್ಸ್‌ಗೆ ಬಂದ ನೀಲಿ ಓಟಗಾರ. ಇದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಮೊಲ ದಂಶಕವಲ್ಲ, ಸೋನಿಕ್ ಕೂಡ ಅಲ್ಲ.

ಪದವೇ ಸ್ವಲ್ಪ ದಾರಿ ತಪ್ಪಿಸುತ್ತದೆ, ಒಪ್ಪುತ್ತೇನೆ. ಸಂಸ್ಕೃತದ ‘ದಂಶ್’ ಧಾತುವಿಗೆ ಕಚ್ಚು ಎಂದರ್ಥ. ಹಾಗೆ ಬಿಡಿಸುತ್ತ ಹೋದರೆ ಹಾವು, ನಾಯಿ, ಸೊಳ್ಳೆ ಎಲ್ಲವೂ ದಂಶಕಗಳೇ ಆಗಬೇಕು. ಇಂಗ್ಲಿಷಿನ ‘ರೋಡೆಂಟ್’ ಬಂದಿರುವುದು ಲ್ಯಾಟಿನ್ನಿನ ‘ರೋಡೆರೆ’ಯಿಂದ, ಅದರ ಅರ್ಥ ಕಚ್ಚುವುದಲ್ಲ, ಕೊರೆಯುವುದು. ನಮ್ಮ ಆಡುಮಾತಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು: ನಾಯಿ ಕಚ್ಚಿತು ಅನ್ನುತ್ತೇವೆ, ಇಲಿ ಬಾಗಿಲು ಕೊರೆದಿದೆ ಅನ್ನುತ್ತೇವೆ. ಆ ಕೊರೆಯುವ ಹಲ್ಲೇ ದಂಶಕದ ಗುರುತು. ಮೇಲೊಂದು ಜೊತೆ, ಕೆಳಗೊಂದು ಜೊತೆ ಬಾಚಿಹಲ್ಲು. ಬದುಕಿರುವ ತನಕ ಬೆಳೆಯುತ್ತಲೇ ಇರುತ್ತವೆ. ಗಟ್ಟಿ ಎನಾಮಲ್ ಇರುವುದು ಮುಂಬದಿಗೆ ಮಾತ್ರ. ಹಿಂಬದಿ ಬೇಗ ಸವೆಯುವುದರಿಂದ ಅಂಚು ಉಳಿಯ ಹಾಗೆ ಸದಾ ಹರಿತ. ಅಳಿಲು, ಬೀವರ್, ಗಿನಿಪಿಗ್, ಕ್ಯಾಪಿಬಾರಾ ಎಲ್ಲ ಈ ಗುಂಪಿನವೇ.

ಮೊಲದ ಹಲ್ಲೂ ಬೆಳೆಯುತ್ತದೆ, ನಿಜ. ಆದರೆ ಅದರ ಮೇಲಿನ ಬಾಚಿಹಲ್ಲುಗಳ ಬೆನ್ನಿಗೆ ಇನ್ನೊಂದು ಪುಟ್ಟ ಜೊತೆ ಅಡಗಿರುತ್ತದೆ. ಹಾಗಾಗಿ ಪ್ರಾಣಿಶಾಸ್ತ್ರದಲ್ಲಿ ಅದರ ಗಣವೇ ಬೇರೆ. ಇಲ್ಲಿ ಚಿತ್ರಕಾರರ ಪಾಲೂ ಇದೆ: ಎದ್ದುಕಾಣುವ ಮುಂಹಲ್ಲನ್ನು ಮೊಲಕ್ಕೆ ಕೊಟ್ಟು, ಇಲಿಗೆ ಕಿವಿ, ಬಾಲ ಮಾತ್ರ ಉಳಿಸಿದರು. 1930ರಲ್ಲಿ ಪತ್ರಿಕೆಗಳ ಸ್ಟ್ರಿಪ್‌ಗೆ ಬಂದ ಮಿಕ್ಕಿ ಮೌಸ್‌ನನ್ನು ದೂರದಿಂದಲೇ ಗುರುತಿಸುವುದು ಆ ಎರಡು ದುಂಡು ಕಿವಿಗಳಿಂದ. ‘ಕ್ರೇಜಿ ಕ್ಯಾಟ್’ ಸ್ಟ್ರಿಪ್‌ನ ಇಲಿ ಇಗ್ನಾಟ್ಸ್ ಬೆಕ್ಕಿನ ತಲೆಗೆ ಇಟ್ಟಿಗೆ ಎಸೆದೇ ಹೆಸರಾದವನು. ಹಲ್ಲಿಗೆ ಅಲ್ಲೂ ಕೆಲಸವಿಲ್ಲ.

ಸೋನಿಕ್ ವಿಷಯದಲ್ಲಿ ಎಡವಿದ್ದು ಅನುವಾದ. ಅವನನ್ನು ‘ಮುಳ್ಳುಹಂದಿ’ ಎಂದು ಬರೆದುಬಿಡುತ್ತಾರೆ. ಮುಳ್ಳುಹಂದಿ ಎಂದರೆ ಪೋರ್ಕುಪೈನ್, ಅದು ಅಪ್ಪಟ ದಂಶಕ. ಸೋನಿಕ್ ಹೆಡ್ಜ್‌ಹಾಗ್, ಮೈಮೇಲೆ ಮುಳ್ಳಿರುವ ಬೇರೆಯದೇ ಪುಟ್ಟ ಪ್ರಾಣಿ; ಅದರ ನೆಂಟಸ್ತಿಕೆ ಮೂಗಿಲಿಗಳ ಜೊತೆ, ಹೆಸರಲ್ಲಿ ಇಲಿ ಇದ್ದರೂ ಅವೂ ದಂಶಕಗಳಲ್ಲ. ಹೆಡ್ಜ್‌ಹಾಗ್ ಎಂದೇ ಬರೆದರೆ ಯಾರಿಗೂ ನಷ್ಟವಿಲ್ಲ.

ಇದಕ್ಕಿಂತ ನನಗೆ ಬೇಸರ ತರಿಸುವುದು ಮೌಸ್, ರ‍್ಯಾಟ್ ಎರಡಕ್ಕೂ ‘ಇಲಿ’ ಎಂದು ಒಂದೇ ಪದ ಒತ್ತಿ ಮುಗಿಸುವುದು. ನಮ್ಮಲ್ಲಿ ಪದವಿಲ್ಲವೇ? ಮೌಸ್‌ಗೆ ಸುಂಡಿಲಿ ಇದೆ, ರ‍್ಯಾಟ್‌ಗೆ ಹೆಗ್ಗಣ ಇದೆ. ಹಳಗನ್ನಡದ ‘ಪೆಗ್ಗಣ’ವೇ ಇಂದಿನ ಹೆಗ್ಗಣ. ನಮ್ಮ ಕಡೆಯ ದೊಡ್ಡ ಹೆಗ್ಗಣಕ್ಕೆ ಇಂಗ್ಲಿಷಿನವರಲ್ಲಿ ಸ್ವಂತ ಪದವಿರಲಿಲ್ಲ, ತೆಲುಗಿನ ‘ಪಂದಿಕೊಕ್ಕು’ವನ್ನು ಒಯ್ದು ‘ಬ್ಯಾಂಡಿಕೂಟ್’ ಮಾಡಿಕೊಂಡರು. ನಿಂಜಾ ಆಮೆಗಳ ಗುರು ಸ್ಪ್ಲಿಂಟರ್‌ನನ್ನು ‘ಇಲಿ ಗುರು’ ಎಂದು ಕರೆದಾಗ ಆ ಮುದಿ ಹೆಗ್ಗಣದ ತೂಕವೇ ಹೋಗುತ್ತದೆ.

ಈ ವ್ಯತ್ಯಾಸದ ಮೇಲೆಯೇ ನಿಂತ ಒಂದು ದೃಶ್ಯ ‘ಮೌಸ್’ ಎಂಬ ಚಿತ್ರಕಾದಂಬರಿಯಲ್ಲಿದೆ. ಆರ್ಟ್ ಸ್ಪೀಗೆಲ್‌ಮನ್ ಬರೆದು 1992ರಲ್ಲಿ ಪುಲಿಟ್ಜರ್ ಪಡೆದ ಕೃತಿ. ಹೆಸರು ಜರ್ಮನ್, ಅರ್ಥ ಇಲಿ, ನಮ್ಮ ‘ಮೂಷಕ’ದ ದೂರದ ಬಂಧು. ಅದರಲ್ಲಿ ಯಹೂದಿಗಳೆಲ್ಲ ಇಲಿಮುಖದವರು, ನಾಜಿಗಳು ಬೆಕ್ಕುಗಳು. ಪೋಲೆಂಡಿನ ಒಂದು ನೆಲಮಾಳಿಗೆಯಲ್ಲಿ ಲೇಖಕನ ತಂದೆ ವ್ಲಾಡೆಕ್, ತಾಯಿ ಆನ್ಯಾ ಅಡಗಿ ಕೂತಿದ್ದಾರೆ. ಹೆಗ್ಗಣ ಹರಿದಾಡಿದ್ದು ಕಂಡು ಆನ್ಯಾ ಕಿರುಚುತ್ತಾಳೆ. ಅವು ಹೆಗ್ಗಣಗಳಲ್ಲ, ಬರೀ ಸುಂಡಿಲಿಗಳು ಎಂದು ವ್ಲಾಡೆಕ್ ಸಮಾಧಾನ ಹೇಳುತ್ತಾನೆ. ಅದೇ ಚೌಕಟ್ಟಿನಲ್ಲಿ, ಇಲಿಮುಖದ ಗಂಡಹೆಂಡಿರ ಕೆಳಗೆ, ಮೀಸೆ, ರೋಮ, ಬಾಲ ಸಮೇತ ನಿಜವಾದ ಹೆಗ್ಗಣವೊಂದನ್ನು ಬಿಡಿಸಿದ್ದಾನೆ ಲೇಖಕ. ಅವು ಹೆಗ್ಗಣಗಳೇ, ಅವಳು ಹೆದರದಿರಲಿ ಎಂದು ಹಾಗೆ ಹೇಳಿದೆ ಎಂದು ವ್ಲಾಡೆಕ್ ಆಮೇಲೆ ಒಪ್ಪಿಕೊಳ್ಳುತ್ತಾನೆ. ಎರಡಕ್ಕೂ ‘ಇಲಿ’ ಎಂದು ಬರೆದ ಅನುವಾದದಲ್ಲಿ ಅವನು ಹೆಂಡತಿಗೆ ಏನು ಹೇಳಿದನೆಂದೇ ತಿಳಿಯುವುದಿಲ್ಲ.