ಹುಳುಕು ಹಲ್ಲಿನಲ್ಲಿ ಹುಳು ಎಲ್ಲಿದೆ?

ಹಲ್ಲು ಕೆಟ್ಟರೆ 'ಹುಳುಕಾಗಿದೆ' ಅನ್ನುತ್ತೇವೆ. ಹುಳು ಇರುವುದು ಮಾತಿನಲ್ಲಿ ಮಾತ್ರ. ತಪ್ಪು ಬಹಳ ಹಳೆಯದು ಬಿಡಿ. ಮೆಸೊಪಟೇಮಿಯಾದ ಮಣ್ಣಿನ ಫಲಕವೊಂದರಲ್ಲಿ ಹಲ್ಲು ಕೊರೆಯುವ ಹುಳುವಿನ ಕತೆಯೂ ಅದಕ್ಕೊಂದು ಮಂತ್ರವೂ ಇವೆ. ಮಧ್ಯಯುಗದ ಯೂರೋಪಿನಲ್ಲಿ ಹೆನ್‌ಬೇನ್ ಗಿಡದ ಬೀಜವನ್ನು ಕೆಂಡಕ್ಕೆ ಹಾಕಿ ಬಾಯಿಗೆ ಹೊಗೆ ಕೊಡುತ್ತಿದ್ದರು. ಆಮೇಲೆ ಬೂದಿಯಲ್ಲಿ ಬೆಳ್ಳಗೆ ಸುರುಳಿ ಸುತ್ತಿಕೊಂಡದ್ದನ್ನು ತೋರಿಸಿ, 'ನೋಡಿ, ಹುಳು ಬಿತ್ತು' ಅನ್ನುತ್ತಿದ್ದರು. ಅದು ಬಿಸಿಗೆ ಸಿಡಿದ ಬೀಜದ ಒಳಗಿನ ಮೊಳಕೆ!

ನಿಜವಾದ ಕಳ್ಳನನ್ನು ಹಿಡಿದವನು ಬರ್ಲಿನ್‌ನಲ್ಲಿದ್ದ ಅಮೆರಿಕದ ದಂತವೈದ್ಯ ವಿಲ್ಲೋಬಿ ಮಿಲ್ಲರ್. ಕಿತ್ತ ಹಲ್ಲುಗಳನ್ನು ಬ್ರೆಡ್ಡು, ಎಂಜಲಿನ ಜೊತೆ ಬೆಚ್ಚಗಿಟ್ಟು ನೋಡಿದ. ಹಲ್ಲು ಮೆತ್ತಗಾದವು. 1890ರ ಪುಸ್ತಕದಲ್ಲಿ ಎಲ್ಲವನ್ನೂ ಬಿಡಿಸಿ ಬರೆದ.

ಬಾಯಿಯ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡುತ್ತವೆ. ಪಿಎಚ್ (ಆಮ್ಲದ ಅಳತೆ, ಇಳಿದಷ್ಟೂ ಆಮ್ಲ ಜಾಸ್ತಿ) ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್‌ನ ಕ್ಯಾಲ್ಸಿಯಂ, ಫಾಸ್ಫೇಟ್ ಕರಗುತ್ತವೆ. ಎಂಜಲು ನಿಧಾನವಾಗಿ ಆಮ್ಲ ತಗ್ಗಿಸಿ, ಹೋದದ್ದನ್ನು ವಾಪಸ್ ತುಂಬುತ್ತದೆ. ಕಳ್ಳ ಗೋಡೆಯ ಇಟ್ಟಿಗೆ ಕೀಳುತ್ತಾನೆ, ಗಾರೆಯವನು ಹಿಂದೆಯೇ ಬಂದು ಕೂರಿಸುತ್ತಾನೆ ಅಂದುಕೊಳ್ಳಿ. ಗಾರೆಯವನಿಗೆ ಅರ್ಧ ಗಂಟೆಯಾದರೂ ಬೇಕು, ಕೆಲವೊಮ್ಮೆ ಜಾಸ್ತಿ. ಒಂದು ಚಾಕಲೇಟನ್ನು ಒಂದೇ ಸಲ ತಿಂದರೆ ಒಂದು ಕಳ್ಳತನ. ಅದನ್ನೇ ಚೂರು ಮಾಡಿ ದಿನವಿಡೀ ಚೀಪಿದರೆ ಗಾರೆಯವನಿಗೆ ಬಿಡುವೇ ಇಲ್ಲ. ಇಲ್ಲಾ, ಬ್ಯಾಂಕ್ ಖಾತೆ ಅಂದುಕೊಳ್ಳಿ: ಜಮಾ ಆಗುವ ಮೊದಲೇ ಮತ್ತೆ ಮತ್ತೆ ಹಣ ತೆಗೆದರೆ ಏನಾಗುತ್ತೆ? ಎಷ್ಟು ತಿಂದಿರಿ ಅನ್ನುವುದಕ್ಕಿಂತ ಎಷ್ಟು ಸಲ ತಿಂದಿರಿ ಅನ್ನುವುದೇ ಹಲ್ಲಿಗೆ ದೊಡ್ಡ ಲೆಕ್ಕ.

ನಿದ್ದೆಯಲ್ಲಿ ಎಂಜಲು ಒಸರುವುದು ತೀರಾ ಕಡಿಮೆ. ಗಾರೆಯವನೂ ಮಲಗಿರುತ್ತಾನೆ. ಅದಕ್ಕೇ ಮಲಗುವ ಮುಂಚೆ ಫ್ಲೋರೈಡ್ ಪೇಸ್ಟ್‌ನಲ್ಲಿ ಎರಡು ನಿಮಿಷ ಬ್ರಷ್ ಮಾಡಿ. ನೊರೆ ಉಗಿದ ಮೇಲೆ ನೀರು ಹಾಕಿ ಮುಕ್ಕಳಿಸಬೇಡಿ. ಫ್ಲೋರೈಡ್ ಹಲ್ಲಿನ ಮೇಲೆ ಉಳಿದರೆ ಹೊಸ ಇಟ್ಟಿಗೆ ಇನ್ನೂ ಗಟ್ಟಿಯಾಗಿ ಕೂರುತ್ತದೆ.

ಒಸಡಿನಲ್ಲಿ ರಕ್ತ ಬಂತು ಅಂತ ಕೆಲವರು ಬ್ರಷ್ ಮಾಡುವುದನ್ನೇ ಬಿಡುತ್ತಾರೆ. ಉಲ್ಟಾ ಕೆಲಸ! ಸಾಮಾನ್ಯವಾಗಿ ಒಸಡಿನ ಅಂಚಿನಲ್ಲಿ ಕೂತ ಪಾಚಿಯಿಂದಲೇ ಅದು ಊದಿಕೊಂಡು ರಕ್ತ ಬರುತ್ತದೆ. ಮೃದುವಾದ ಬ್ರಷ್ ಸಾಕು, ಆದರೆ ಅಂಚನ್ನು ಬಿಡಬೇಡಿ. ಪಾಚಿ ಕಲ್ಲಾಗಿದ್ದರೆ ಮಾತ್ರ ಬ್ರಷ್ಷಿಗೆ ಬಗ್ಗಲ್ಲ, ವೈದ್ಯರೇ ತೆಗೆಯಬೇಕು.

ನೋವಿಲ್ಲ ಅಂತ ಸುಮ್ನೆ ಕೂರುವವರೇ ಜಾಸ್ತಿ ಅಲ್ವಾ? ಎನಾಮಲ್‌ನಲ್ಲಿ ನರವೇ ಇಲ್ಲ, ನೋವು ಎಲ್ಲಿಂದ ಬರಬೇಕು? ಹುಳುಕಿನ ಮೊದಲ ಗುರುತಾದ ಬಿಳಿ ಮಚ್ಚೆ ಮಾತ್ರ ಇದ್ದಾಗ ಹಲ್ಲನ್ನು ಸರಿಮಾಡಿಕೊಳ್ಳಬಹುದು. ತೂತು ಬಿದ್ದರೆ ತುಂಬಿಸಲೇಬೇಕು. ಇನ್ನು, ಜೋರಾಗಿದ್ದ ನೋವು ತಾನಾಗಿಯೇ ನಿಂತರೆ ಖುಷಿಪಡಬೇಡಿ. ಒಳಗಿನ ನರ ಸತ್ತಿರಬಹುದು. ಮಂತ್ರ ಹಾಕಿಸಿಕೊಂಡವರಲ್ಲೂ ಕೆಲವರಿಗೆ ಹೀಗೇ 'ವಾಸಿ' ಆಗಿರಬೇಕು. ಅಷ್ಟು ಹೊತ್ತಿಗೆ ಸೋಂಕು ಬೇರಿನ ತುದಿಗೆ ಇಳಿದಿರಬಹುದು.