ಗುಂಯ್ ಸದ್ದಿಗೆ ಅರ್ಥ್ ಪಿನ್ ಕೀಳುವುದು ಪರಿಹಾರವಲ್ಲ

ಆಡಿಯೋ ಉಪಕರಣಗಳನ್ನು ಒಂದರ ಮೇಲೊಂದು ಕೂರಿಸುವ ರ‍್ಯಾಕ್‌ಗೆ ಪ್ರಿಆಂಪ್ಲಿಫೈಯರ್ (ಮೈಕಿನ ಕ್ಷೀಣ ಸಿಗ್ನಲ್ಲನ್ನು ಹಿಗ್ಗಿಸುವ ಉಪಕರಣ) ಜೋಡಿಸಿ ಗೇನ್, ಅಂದರೆ ಹಿಗ್ಗಿಸುವ ಪ್ರಮಾಣ, ಏರಿಸಿದೊಡನೆ ಸ್ಪೀಕರಿನಿಂದ ಗುಂಯ್ ಎಂಬ ಸದ್ದು ಹೊರಟರೆ, ಪ್ಲಗ್ಗಿನ ಅರ್ಥ್ ಪಿನ್ ಕಿತ್ತುಬಿಡಿ, ಇಲ್ಲವೇ ಅದಕ್ಕೆ ಟೇಪ್ ಸುತ್ತಿ ಎಂಬ ಸಲಹೆ ತಕ್ಷಣ ಬರುತ್ತದೆ. ಹಾಗೆ ಮಾಡಿದಾಗ ಸದ್ದು ನಿಲ್ಲುವುದೂ ಉಂಟು. ಈ ಅಪಾಯಕಾರಿ ನಂಬಿಕೆ ಇಷ್ಟು ಆಳವಾಗಿ ಬೇರೂರಿರುವುದು ಅದರಿಂದಲೇ.

ಅರ್ಥ್ ತಂತಿ ಇರುವುದು ಜೀವರಕ್ಷಣೆಗಾಗಿ. ಒಳಗಿನ ಇನ್ಸುಲೇಷನ್ ಹಾಳಾಗಿ ಫೇಸ್ ತಂತಿ ಲೋಹದ ಹೊರಕವಚಕ್ಕೆ ತಾಗಿದಾಗ, ಅರ್ಥ್ ಮೂಲಕ ಒಮ್ಮೆಲೇ ಭಾರಿ ವಿದ್ಯುತ್ ಹರಿದು ಫ್ಯೂಸ್ ಹೋಗುತ್ತದೆ. ಅರ್ಥ್ ಇಲ್ಲದಿದ್ದರೆ ಕವಚವು ಪೂರ್ತಿ ವೋಲ್ಟೇಜಿನಲ್ಲೇ ಉಳಿಯುತ್ತದೆ, ಮತ್ತು ಕೇಬಲ್ಲಿನ ಶೀಲ್ಡ್ (ಒಳತಂತಿಗಳನ್ನು ಸುತ್ತುವರಿದ ಲೋಹದ ಹೊದಿಕೆ) ಮೂಲಕ ಅದೇ ವೋಲ್ಟೇಜ್ ಮೈಕಿನ ಲೋಹದ ಜಾಲರಿಗೆ, ಅಂದರೆ ಹಾಡುವವರ ತುಟಿಯ ಬಳಿಗೇ ತಲುಪುತ್ತದೆ. ಕೆಲವು ಹತ್ತುಗಳಷ್ಟು ಮಿಲಿಆಂಪಿಯರ್ ವಿದ್ಯುತ್ತೇ ಪ್ರಾಣ ತೆಗೆಯಬಲ್ಲದು; ಅಷ್ಟಕ್ಕೆ 1 ಆಂಪಿಯರ್ ಫ್ಯೂಸ್ ಹೋಗುವುದೇ ಇಲ್ಲ. ರ‍್ಯಾಕ್‌ನಲ್ಲಿರುವ ಬೇರೆ ಉಪಕರಣಕ್ಕೆ ಅರ್ಥ್ ಇದೆಯಲ್ಲ ಎಂಬ ವಾದವೂ ನಿಲ್ಲದು, ಏಕೆಂದರೆ ತೆಳುವಾದ ಶೀಲ್ಡ್ ಆ ಭಾರ ಹೊರಲು ಮಾಡಿದ್ದಲ್ಲ.

ಹಾಗಾದರೆ ಸದ್ದು ಬರುವುದೆಲ್ಲಿಂದ? ಎರಡು ಉಪಕರಣಗಳು ದೂರದೂರದ ಸಾಕೆಟ್‌ಗಳಲ್ಲಿದ್ದರೆ, ಅವುಗಳ ಅರ್ಥ್‌ಗಳ ನಡುವೆ ಸಣ್ಣ ವೋಲ್ಟೇಜ್ ವ್ಯತ್ಯಾಸವಿರುತ್ತದೆ. ಅದರಿಂದ ಶೀಲ್ಡಿನಲ್ಲಿ 50 ಅಥವಾ 60 ಹರ್ಟ್ಜ್‌ನ ವಿದ್ಯುತ್ ಹರಿಯುತ್ತದೆ. ಅದು ಹರಿಯುವುದಕ್ಕಿಂತ ಎಲ್ಲಿಗೆ ಹೋಗಿ ಸೇರುತ್ತದೆ ಎಂಬುದು ಮುಖ್ಯ. ಎಕ್ಸ್‌ಎಲ್‌ಆರ್ ಕನೆಕ್ಟರಿನ (ಮೈಕ್ ಕೇಬಲ್ಲಿನ ಮೂರು ಪಿನ್ನಿನ ಕೊಂಡಿ) 1ನೇ ಪಿನ್, ಅಂದರೆ ಶೀಲ್ಡ್ ಸೇರುವ ಪಿನ್, ನೇರವಾಗಿ ಕವಚಕ್ಕೆ ಸೇರಿದ್ದರೆ, ಆ ವಿದ್ಯುತ್ ಕವಚದ ಮೇಲೆಯೇ ಹರಿದು ಹೋಗುತ್ತದೆ. ಆ ಪಿನ್ನನ್ನು ಸರ್ಕ್ಯೂಟ್ ಬೋರ್ಡಿನ ಗ್ರೌಂಡಿಗೆ ಬೆಸೆದಿದ್ದರೆ, ಆಂಪ್ಲಿಫೈಯರ್ ಯಾವುದನ್ನು ಸೊನ್ನೆ ಎಂದು ನಂಬಿ ಅಳೆಯುತ್ತದೋ ಆ ಸೊನ್ನೆಯೇ ಕಂಪಿಸತೊಡಗುತ್ತದೆ. ತೂಗುವ ಹೊತ್ತಿನಲ್ಲಿ ತಕ್ಕಡಿ ನೇತುಹಾಕಿದ ಕೊಕ್ಕೆಯನ್ನೇ ಅಲುಗಿಸಿದಂತೆ. 60 ಡೆಸಿಬೆಲ್ ಗೇನ್ ಎಂದರೆ ವೋಲ್ಟೇಜ್ 1000 ಪಟ್ಟು ಹೆಚ್ಚುತ್ತದೆ. ಅಲ್ಲಿ ನುಸುಳಿದ 10 ಮೈಕ್ರೋವೋಲ್ಟ್ ಹೊರಬರುವಾಗ 10 ಮಿಲಿವೋಲ್ಟ್ ಆಗಿರುತ್ತದೆ. ಆಡಿಯೋ ಎಂಜಿನಿಯರ್ ನೀಲ್ ಮನ್ಸಿ 1995ರಲ್ಲಿ ಈ ದೋಷವನ್ನು ವಿವರವಾಗಿ ಬರೆದರು. ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ 2005ರ ಎಇಎಸ್48 ಮಾನದಂಡವು ಶೀಲ್ಡನ್ನು ಕವಚಕ್ಕೇ ಜೋಡಿಸಬೇಕೆಂದು ಹೇಳಿತು. ಇಷ್ಟು ಸರಳವಾದ ಮಾತಿಗೆ ಅಷ್ಟು ಕಾಲ ಹಿಡಿಯಿತೆಂಬುದು ನನಗೆ ಈಗಲೂ ಅಚ್ಚರಿ.

ಇನ್ನೊಂದು ಪರಿಹಾರ ಹೆಚ್ಚುಕಡಿಮೆ ಟೆಲಿಫೋನಿನಷ್ಟೇ ಹಳೆಯದು. 1881ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ ಒಂದಕ್ಕೊಂದು ಹೆಣೆದ ಜೋಡಿ ತಂತಿಗೆ ಪೇಟೆಂಟ್ ಪಡೆದರು. ಹೆಣೆದ ಎರಡೂ ತಂತಿಗಳಿಗೆ ಹೊರಗಿನ ಗದ್ದಲ ಸಮನಾಗಿ ತಗಲುವುದರಿಂದ, ಅವುಗಳ ವ್ಯತ್ಯಾಸವನ್ನಷ್ಟೇ ಎತ್ತಿಕೊಂಡರೆ ಗದ್ದಲ ಕಳೆದುಹೋಗುತ್ತದೆ. ಇಂದಿನ ಬ್ಯಾಲೆನ್ಸ್ಡ್ ಕೇಬಲ್ ಮಾಡುವುದೂ ಇದನ್ನೇ.

ಆದ್ದರಿಂದ ರ‍್ಯಾಕ್‌ನ ಎಲ್ಲ ಉಪಕರಣಗಳಿಗೂ, ಅವುಗಳ ಒಟ್ಟು ಲೋಡ್ ಮಿತಿಯೊಳಗಿದ್ದರೆ, ಅರ್ಥಿಂಗ್ ಸರಿಯಿರುವ ಒಂದೇ ಕಡೆಯಿಂದ ವಿದ್ಯುತ್ ಕೊಡಬೇಕು. ಮೈಕ್ ಕೇಬಲ್‌ಗಳನ್ನು ವಿದ್ಯುತ್ ಕೇಬಲ್‌ಗಳಿಂದ ದೂರವಿರಿಸಿ, ದಾಟಲೇಬೇಕಾದಲ್ಲಿ ಅಡ್ಡಡ್ಡ ದಾಟಿಸಬೇಕು. ಆಗಲೂ ಸದ್ದು ಉಳಿದರೆ ಲೈನ್ ಸಿಗ್ನಲ್ಲಿನ ದಾರಿಯಲ್ಲಿ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ (ತಂತಿಗಳ ನೇರ ಸಂಪರ್ಕವಿಲ್ಲದೆ ಸಿಗ್ನಲ್ ದಾಟಿಸುವ ಸಾಧನ) ಹಾಕಬೇಕು. ಗುಂಯ್ ಸದ್ದಿಗೆ ಸಂಬಂಧಿಸದಿದ್ದರೂ ಉಪಕರಣ ಜೋಡಿಸುವಾಗ ನೆನಪಿಡಬೇಕಾದ ಕೆಲವು ಮಾತುಗಳಿವೆ. ಬಿಸಿಯೇರುವ ವಾಲ್ವ್ (ಗಾಜಿನ ನಿರ್ವಾತ ನಳಿಕೆ) ಉಪಕರಣದ ಮೇಲೆ ಒಂದು ಯೂನಿಟ್, ಅಂದರೆ 44.45 ಮಿಲಿಮೀಟರ್ ಜಾಗ ಬಿಡುವುದು ಒಳ್ಳೆಯದು. ಭಾರದ್ದಕ್ಕೆ ಹಿಂದಿನಿಂದಲೂ ಆಧಾರ ಬೇಕು, ಮುಂದಿನ ನಾಲ್ಕು ಸ್ಕ್ರೂಗಳು ಸಾಲವು. ಮೈಕ್ ಕೇಬಲ್ ಮೂಲಕವೇ ಮೈಕಿಗೆ ಕೊಡುವ 48 ವೋಲ್ಟ್ ಫ್ಯಾಂಟಮ್ ಪವರ್ ಹಾಕುವ ಮುನ್ನ ಮುಂದಿನ ಹಂತವನ್ನು ಮ್ಯೂಟ್ ಮಾಡಿರಬೇಕು. ಸ್ಪೀಕರ್ ನಡೆಸುವ ಪವರ್ ಆಂಪ್ಲಿಫೈಯರನ್ನು ಎಲ್ಲದರ ಕೊನೆಗೆ ಆನ್ ಮಾಡಿ, ಎಲ್ಲಕ್ಕಿಂತ ಮೊದಲು ಆಫ್ ಮಾಡಬೇಕು.